ಕಲ್ಲು ಸಿಡಿದು ಕಿತ್ತುಹೋದ ಬಣ್ಣ: ಓದುಗರ ಪ್ರಶ್ನೆಗಳು, ಉತ್ತರಗಳು

ಕಾರಿನ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಾಗ ಅದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಎಲ್ಲರಿಗೂ ಉಪಯೋಗವಾಗುವಂಥವನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಾರು ಕೊಂಡು ಇನ್ನೂ ಒಂದು ವರ್ಷ ತುಂಬಿಲ್ಲ. ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಸಿಡಿದ ಕಲ್ಲುಗಳು ಬಾನೆಟ್ಟಿನ ಮುಂಭಾಗದಲ್ಲಿ ಸಾಸಿವೆ ಕಾಳಿನ ಗಾತ್ರದ ಐದಾರು ಗುರುತುಗಳನ್ನು ಬಿಟ್ಟಿವೆ. ಕೆಲವು ಬಿಳಿಚಿಕೊಂಡಂತೆ ಕಾಣುತ್ತವೆ, ಒಂದೆರಡು ಮಾತ್ರ ಲೋಹದಂತೆ ಮಿನುಗುತ್ತವೆ. ಇವನ್ನು ಹಾಗೆಯೇ ಬಿಡಬಹುದೇ, ಅಥವಾ ಕೂಡಲೇ ಏನಾದರೂ ಮಾಡಬೇಕೇ?

ಉತ್ತರ: ಗುರುತಿನ ಬಣ್ಣವೇ ಪೆಟ್ಟಿನ ಆಳವನ್ನು ಹೇಳುತ್ತದೆ, ಹಾಗಾಗಿ ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರವಿದೆ. ಕಾರಿನ ಮೈಮೇಲೆ ಇರುವುದು ಒಂದೇ ಬಣ್ಣವಲ್ಲ, ಒಂದರ ಮೇಲೊಂದು ಕೂತ ಹಲವು ಪದರಗಳು. ಎಲ್ಲಕ್ಕಿಂತ ಕೆಳಗೆ ಉಕ್ಕಿನ ತಗಡು ಇರುತ್ತದೆ, ಈಚಿನ ಬಹುಪಾಲು ಕಾರುಗಳಲ್ಲಿ ಅದಕ್ಕೆ ತೆಳುವಾದ ಸತುವಿನ ಲೇಪವಿರುತ್ತದೆ. ಅದರ ಮೇಲೆ, ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಮಾಡುವ ಫಾಸ್ಫೇಟ್ ಸಂಸ್ಕಾರ. ಆಮೇಲೆ ಕಾರಿನ ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ನೆರವಿನಿಂದ ಕೂರಿಸುವ, ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಇ-ಕೋಟ್. ಅದರ ಮೇಲೆ ಬಣ್ಣಕ್ಕೆ ಅಡಿಪಾಯವಾಗುವ ಪ್ರೈಮರ್. ಅದರ ಮೇಲೆ ನಾವು ಕಾರಿನ ಬಣ್ಣವೆಂದು ಕರೆಯುವ ಬೇಸ್ ಕೋಟ್. ಕಟ್ಟಕಡೆಗೆ ಹೊಳಪನ್ನೂ ರಕ್ಷಣೆಯನ್ನೂ ಕೊಡುವ ಪಾರದರ್ಶಕ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಗುತ್ತದೆ, ಅಂದರೆ ಒಂದೆರಡು ತಲೆಗೂದಲುಗಳನ್ನು ಒತ್ತಾಗಿ ಇಟ್ಟಷ್ಟು ದಪ್ಪ. ಅದರಲ್ಲಿಯೂ ಬಣ್ಣದ ಪದರದ ಪಾಲು 15ರಿಂದ 20 ಮೈಕ್ರಾನ್ ಮಾತ್ರ. ವೇಗವಾಗಿ ಬಂದ ಸಣ್ಣ ಕಲ್ಲಿಗೆ ಇದು ದೊಡ್ಡ ಕೋಟೆಯೇನಲ್ಲ.

ಬಿಳಿ ಅಥವಾ ತಿಳಿಬೂದು ಕಾಣುತ್ತಿದ್ದರೆ ಪೆಟ್ಟು ಪ್ರೈಮರಿನಲ್ಲಿಯೇ ನಿಂತಿದೆ ಎಂದರ್ಥ. ಹೊಳಪಿಲ್ಲದ ಕಡುಬೂದು ಅಥವಾ ಕಪ್ಪು ಕಂಡರೆ ಇ-ಕೋಟಿನವರೆಗೆ ಹೋಗಿದೆ. ಮಿನುಗುತ್ತಿದ್ದರೆ ತಗಡೇ ಬಯಲಾಗಿದೆ. ಕಂದು ಬಣ್ಣ ಕಂಡರೆ ತುಕ್ಕು ಆಗಲೇ ಕೆಲಸ ಶುರುಮಾಡಿದೆ. ಇನ್ನು ಗುರುತಿನ ಮೇಲೆ ನೀರು ಸವರಿದಾಗ ಅದು ಪೂರ್ತಿ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ, ಅದು ಕ್ಲಿಯರ್ ಕೋಟಿನಲ್ಲಿ ಮಾತ್ರ ಆದ ಗೀರು. ಅದಕ್ಕೆ ಬಣ್ಣ ಬೇಕಾಗಿಲ್ಲ, ಪಾಲಿಶ್ ಸಾಕು.

ನಿಮ್ಮ ಬಾನೆಟ್ಟಿನಲ್ಲಿ ಬಿಳಿಚಿಕೊಂಡ ಗುರುತುಗಳು ಕೆಲವು ವಾರ ಕಾಯಬಲ್ಲವು, ಮಿನುಗುವವು ಹೆಚ್ಚು ದಿನ ಕಾಯಬಾರದು. ಸತುವಿನ ಲೇಪವಿರುವ ತಗಡಿನಲ್ಲಿ ಸತು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆಯಾದ್ದರಿಂದ ರಾತ್ರಿ ಕಳೆದು ಬೆಳಗಾಗುವುದರೊಳಗೆ ತುಕ್ಕು ಹಿಡಿಯುವುದಿಲ್ಲ, ಗಾಬರಿ ಬೇಡ. ಆದರೆ ಆ ಲೇಪ ತೀರ ತೆಳುವಾದದ್ದು, ಕಲ್ಲಿನ ಪೆಟ್ಟಿಗೆ ಅದೂ ಕಿತ್ತುಹೋಗಿರಬಹುದು. ಕಡಲ ಗಾಳಿ ಬೀಸುವ ಕಡೆ ಅಥವಾ ಮಳೆಗಾಲದಲ್ಲಿ ಅದರ ಮೇಲೆ ಭರವಸೆ ಇಡಲಾಗದು. ಬಾನೆಟ್ಟಿಗೆ ಆಯಸ್ಕಾಂತ ಅಂಟದಿದ್ದರೆ ಅದು ಅಲ್ಯೂಮಿನಿಯಮ್ಮಿನದು. ಅದರಲ್ಲಿ ಕಂದು ತುಕ್ಕು ಬರುವುದಿಲ್ಲ, ಬದಲಿಗೆ ಬಣ್ಣದಡಿ ಬಿಳಿಯ ಪುಡಿ ಕಟ್ಟಿ ಗುಳ್ಳೆ ಏಳುತ್ತದೆ. ಮುಚ್ಚುವ ಕೆಲಸ ಅಲ್ಲಿಯೂ ತಪ್ಪುವುದಿಲ್ಲ.

ಈ ಕೆಲಸದ ಮೊದಲ ಉದ್ದೇಶ ಗಾಳಿ, ನೀರು ತಗಡಿಗೆ ತಾಗದಂತೆ ಮುಚ್ಚುವುದು. ಗುರುತು ಕಾಣದಂತೆ ಮಾಡುವುದು ಎರಡನೆಯದು, ಮತ್ತು ಅದು ಯಾವಾಗಲೂ ಪೂರ್ತಿ ಕೈಗೂಡುವುದಿಲ್ಲ. ಈ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡವರ ಪತ್ರಗಳೇ ನನಗೆ ಹೆಚ್ಚು ಬರುತ್ತವೆ.

ಪ್ರಶ್ನೆ: ನನ್ನ ಕಾರಿನ ಬಣ್ಣಕ್ಕೆ ಹೊಂದುವ ಟಚ್-ಅಪ್ ಬಾಟಲಿ, ಜೊತೆಗೆ ಪ್ರೈಮರ್ ಮತ್ತು ಕ್ಲಿಯರ್ ಕೋಟಿನ ಸಣ್ಣ ಬಾಟಲಿಗಳನ್ನು ತಂದಿಟ್ಟುಕೊಂಡಿದ್ದೇನೆ. ಬಾಟಲಿಯ ಮುಚ್ಚಳದಲ್ಲಿಯೇ ಬ್ರಷ್ ಇದೆ. ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಪ್ರತಿ ಹಂತಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ವಿವರವಾಗಿ ತಿಳಿಸುವಿರಾ?

ಉತ್ತರ: ಮೊದಲು ಆ ಮುಚ್ಚಳದ ಬ್ರಷ್ಷನ್ನು ಮರೆತುಬಿಡಿ. ಸಾಸಿವೆ ಕಾಳಿನಷ್ಟು ಗುಳಿಗೆ ಅದು ಪೊರಕೆಯಿದ್ದ ಹಾಗೆ. ಚಿತ್ರಕಲೆಯವರು ಬಳಸುವ ಅತಿ ಸಣ್ಣ ಕುಂಚ, ಅದಿಲ್ಲದಿದ್ದರೆ ತುದಿ ಚೂಪಾದ ಹಲ್ಲುಕಡ್ಡಿ ಈ ಕೆಲಸಕ್ಕೆ ತಕ್ಕುದು.

ದಿನವನ್ನು ಆರಿಸಿಕೊಳ್ಳುವುದೂ ಕೆಲಸದ ಭಾಗವೇ. ಗಾಳಿಯಾಡುವ ನೆರಳಿನ ಜಾಗ, 15ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗಿನ ಹವೆ, ಮುಟ್ಟಿದರೆ ತಣ್ಣಗಿರುವ ತಗಡು ಇರಬೇಕು. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಬಣ್ಣದ ಮೇಲ್ಮೈ ಬೇಗ ಒಣಗಿ ಒಳಗಿನ ದ್ರಾವಕ ಸಿಕ್ಕಿಕೊಂಡು ಸಣ್ಣ ಗುಳ್ಳೆಗಳಾಗುತ್ತವೆ. ಮಳೆ ಹಿಡಿದ ದಿನದ ತೊಂದರೆ ಬೇರೆ: ದ್ರಾವಕ ಆವಿಯಾಗುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನ ಕೆನೆ ಕಟ್ಟಿದಂತೆ ಮಂಕಾಗುತ್ತದೆ.

ಕಾರನ್ನು ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಗುಳಿಯ ಅಂಚಿನಲ್ಲಿ ಅರ್ಧ ಎದ್ದು ನಿಂತ ಬಣ್ಣವಿದ್ದರೆ ಸೂಜಿಯ ಮೊನೆಯಿಂದ ಮೆಲ್ಲನೆ ಎಬ್ಬಿಸಿ ತೆಗೆಯಿರಿ. ಹೇಗೂ ಬೀಳುವುದು ಈಗಲೇ ಬೀಳಲಿ, ಹೊಸ ಬಣ್ಣವನ್ನು ಹೊತ್ತುಕೊಂಡು ನಾಳೆ ಬೀಳುವುದು ಬೇಡ. ಆಮೇಲೆ 1000 ಅಥವಾ 1500 ಗ್ರಿಟ್ಟಿನ ವಾಟರ್ ಪೇಪರನ್ನು (ನೆನೆಸಿಯೂ ಬಳಸಬಹುದಾದ ಉಜ್ಜುಕಾಗದ; ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ನಯ) ಕಾಳಿನಷ್ಟು ಕತ್ತರಿಸಿ, ಪೆನ್ಸಿಲಿನ ಹಿಂತುದಿಯ ರಬ್ಬರಿಗೆ ಅಂಟಿಸಿಕೊಂಡು, ಗುಳಿಯ ಮೇಲೆ ಮಾತ್ರ ಒಂದೆರಡು ಸುತ್ತು ತಿರುಗಿಸಿ. ಕಡಿದಾದ ಅಂಚು ಸ್ವಲ್ಪ ಇಳಿಜಾರಾಗಬೇಕು, ಒಳಮೈ ತುಸು ಒರಟಾಗಿ ಹೊಸ ಬಣ್ಣಕ್ಕೆ ಹಿಡಿತ ಸಿಗಬೇಕು. ಉದ್ದೇಶ ಇಷ್ಟೆ, ಗುಳಿಯನ್ನು ದೊಡ್ಡದು ಮಾಡುವುದಲ್ಲ.

ತೊಳೆದ ಕಾರಿನ ಮೇಲೂ ಮೇಣ, ಪಾಲಿಶ್, ಬೆರಳಿನ ಜಿಡ್ಡು ಉಳಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಮಪಾಲು ನೀರಿನೊಂದಿಗೆ ಬೆರೆಸಿ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಗುಳಿಯೊಳಗೆ ತೇವ ಉಳಿಯದಂತೆ ಐದಾರು ನಿಮಿಷ ಬಿಡಿ. ಅಲ್ಲಿಂದ ಮುಂದೆ ಆ ಜಾಗವನ್ನು ಬೆರಳಿನಿಂದ ಮುಟ್ಟಬಾರದು. ಬಣ್ಣ ಕೆಲವೇ ತಿಂಗಳಲ್ಲಿ ಮತ್ತೆ ಉದುರಿತು ಎನ್ನುವವರಲ್ಲಿ ಹೆಚ್ಚಿನವರು ಈ ಒರೆಸುವ ಹಂತವನ್ನು ಹಾರಿಸಿರುತ್ತಾರೆ.

ತಗಡು ಬಯಲಾಗಿರುವ ಕಡೆ ಮಾತ್ರ ಪ್ರೈಮರ್ ಬೇಕು. ಒಂದು ಸಣ್ಣ ಚುಕ್ಕಿ, ಗುಳಿಯ ತಳ ಮುಚ್ಚುವಷ್ಟು. ಅಂಚಿನವರೆಗೆ ತುಂಬಿದರೆ ಬಣ್ಣಕ್ಕೆ ಜಾಗವೇ ಉಳಿಯುವುದಿಲ್ಲ. ಕಾರ್ಖಾನೆಯ ಪ್ರೈಮರ್ ಗಟ್ಟಿಯಾಗಿ ಉಳಿದಿರುವ ಗುಳಿಗಳಿಗೆ ನೇರವಾಗಿ ಬಣ್ಣ ಹಾಕಬಹುದು. ಪ್ರೈಮರ್ ಒಣಗಲು ಒಂದು ಗಂಟೆಯಾದರೂ ಕೊಡಿ. ಬಾಟಲಿಯ ಮೇಲೆ ಹೆಚ್ಚು ಹೊತ್ತು ಬರೆದಿದ್ದರೆ ಅದರ ಮಾತೇ ಕೊನೆ.

ಬಣ್ಣದ ಬಾಟಲಿಯನ್ನು ಎರಡು ನಿಮಿಷವಾದರೂ ಚೆನ್ನಾಗಿ ಕುಲುಕಬೇಕು. ಮೆಟಾಲಿಕ್ ಬಣ್ಣವಾದರೆ ಇನ್ನೂ ಹೆಚ್ಚು, ಏಕೆಂದರೆ ಅದರೊಳಗಿನ ಅಲ್ಯೂಮಿನಿಯಮ್ ಹರಳುಗಳು ತಳ ಹಿಡಿದಿರುತ್ತವೆ. ಒಂದು ಹನಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ತೆಗೆದುಕೊಂಡು, ಕುಂಚದ ತುದಿಗೆ ಹತ್ತಿಸಿ, ಗುಳಿಯ ನಡುವಿಗೆ ಮುಟ್ಟಿಸಿ ಎತ್ತಿಬಿಡಿ. ಬಣ್ಣ ತಾನಾಗಿ ಅಂಚಿನವರೆಗೆ ಹರಿದುಕೊಳ್ಳುತ್ತದೆ. ಅದನ್ನು ಗೋಡೆಗೆ ಬಳಿದಂತೆ ಎಳೆಯಬಾರದು. ತುಂಬಿದಂತೆ ಕಂಡದ್ದು ಅರ್ಧ ಗಂಟೆಯ ಬಳಿಕ ತಗ್ಗಿರುತ್ತದೆ, ಏಕೆಂದರೆ ಹನಿಯ ದೊಡ್ಡ ಪಾಲು ಆವಿಯಾಗಿ ಹೋಗುವ ದ್ರಾವಕ. ಅದಕ್ಕಾಗಿಯೇ ಎರಡು ಅಥವಾ ಮೂರು ತೆಳು ಪದರ ಬೇಕು, ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುವು ಬೇಕು. ಬಣ್ಣ ಸುತ್ತಲಿನ ಮೈಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿದ್ದಾಗಲೇ ನಿಲ್ಲಿಸಿ.

ಉಳಿದ ಆ ತಗ್ಗನ್ನು ಕ್ಲಿಯರ್ ಕೋಟ್ ತುಂಬುತ್ತದೆ. ಅದನ್ನೂ ಹೀಗೆಯೇ ಎರಡು ಸಲ ಮುಟ್ಟಿಸಿ, ಕೊನೆಗೆ ಮೈಮಟ್ಟಕ್ಕಿಂತ ತುಸು ಉಬ್ಬಿರುವಂತೆ ಬಿಡಿ. ಮುಂದಿನ ದಿನಗಳಲ್ಲಿ ಅದು ಇನ್ನೂ ಕುಗ್ಗುತ್ತದೆ. ಕೆಲವು ಹಳೆಯ ಕಾರುಗಳಲ್ಲಿ, ಕೆಲವು ಸಾದಾ ಬಿಳಿ ಬಣ್ಣಗಳಲ್ಲಿ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಕಾಂಪೌಂಡ್ (ಬಣ್ಣದ ಮೈಯನ್ನು ಉಜ್ಜಿ ನಯಗೊಳಿಸುವ ಲೇಪ) ಹಾಕಿ ಬಿಳಿಯಲ್ಲದ ಬಟ್ಟೆಯಿಂದ ಉಜ್ಜಿದಾಗ ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಅದು ಅಂಥ ಒಂದೇ ಪದರದ ಬಣ್ಣ; ಅಲ್ಲಿ ಕ್ಲಿಯರ್ ಬೇಕಾಗಿಲ್ಲ, ಬಣ್ಣವನ್ನೇ ಮಟ್ಟಕ್ಕೆ ತುಂಬಬೇಕು. ಕಾರು ಕಡುಬಣ್ಣದ್ದಾದರೆ ಬಿಳಿ ಬಟ್ಟೆಯೇ ಒಳ್ಳೆಯದೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಕ್ಕೆ ಕೆಲಸ ಮುಗಿಯಿತೆಂದುಕೊಂಡರೂ ತಪ್ಪಿಲ್ಲ. ತಗಡು ಸುರಕ್ಷಿತವಾಗಿದೆ, ನಾಲ್ಕು ಹೆಜ್ಜೆ ದೂರದಿಂದ ಗುರುತು ಕಾಣುವುದಿಲ್ಲ. ಉಬ್ಬನ್ನು ಮಟ್ಟ ಮಾಡಲೇಬೇಕೆಂಬ ಹಟವಿದ್ದರೆ ಒಂದು ವಾರ ಕಾದು, ಸುತ್ತಲೂ ಟೇಪ್ ಅಂಟಿಸಿ, 2000 ಗ್ರಿಟ್ಟಿನ ಪೇಪರನ್ನು ನೀರಿನಲ್ಲಿ ನೆನೆಸಿ, ಗಟ್ಟಿಯಾದ ಸಣ್ಣ ತುಂಡಿಗೆ ಸುತ್ತಿಕೊಂಡು, ಸಾಬೂನು ನೀರು ಹನಿಸುತ್ತ ಉಬ್ಬಿದ ಜಾಗವನ್ನು ಮಾತ್ರ ಉಜ್ಜಿ. ಐದಾರು ಎಳೆತಕ್ಕೊಮ್ಮೆ ಒರೆಸಿ ನೋಡಿ. ಆಮೇಲೆ 3000 ಗ್ರಿಟ್, ಅನಂತರ ಕಾಂಪೌಂಡ್, ಕೊನೆಗೆ ಪಾಲಿಶ್. ಕಾರ್ಖಾನೆಯ ಕ್ಲಿಯರ್ ಕೋಟ್ ಇರುವುದೇ 40ರಿಂದ 50 ಮೈಕ್ರಾನ್, ಉಜ್ಜಿ ಕಳೆದುಕೊಂಡದ್ದು ಮರಳಿ ಬರುವುದಿಲ್ಲ. ಮೊದಲ ಬಾರಿ ಕೈಹಾಕುವವರಿಗೆ ನನ್ನ ಸಲಹೆ ಈ ಹಂತವನ್ನು ಬಿಟ್ಟುಬಿಡಿ ಎಂಬುದೇ. ಸಣ್ಣ ಉಬ್ಬು ಯಾರಿಗೂ ತೊಂದರೆ ಕೊಡುವುದಿಲ್ಲ, ತೂತುಬಿದ್ದ ಕ್ಲಿಯರ್ ಕೋಟ್ ಕೊಡುತ್ತದೆ.

ಎರಡು ದಿನ ಕಾರಿಗೆ ನೀರು ತಾಗಿಸಬೇಡಿ. ಒಂದೆರಡು ವಾರ ಒತ್ತಡದ ನೀರಿನಲ್ಲಿ ತೊಳೆಸಬೇಡಿ. ತಿದ್ದಿದ ಜಾಗಕ್ಕೆ ಒಂದು ತಿಂಗಳು ಮೇಣ ಹಚ್ಚಬೇಡಿ.

ಪ್ರಶ್ನೆ: ಬೆಳ್ಳಿ ಬಣ್ಣದ ಮೆಟಾಲಿಕ್ ಕಾರು. ತಯಾರಕರ ಬಣ್ಣದ ಸಂಕೇತ ನೋಡಿಯೇ ಬಾಟಲಿ ತಂದೆ. ಆದರೂ ಹಚ್ಚಿದ ಜಾಗಗಳೆಲ್ಲ ಕಪ್ಪು ಮಚ್ಚೆಗಳಂತೆ ಎದ್ದು ಕಾಣುತ್ತಿವೆ. ಬಾಟಲಿ ತಪ್ಪೋ, ನಾನು ಹಚ್ಚಿದ್ದು ತಪ್ಪೋ?

ಉತ್ತರ: ಎರಡೂ ಇರಲಾರದು. ಮೆಟಾಲಿಕ್ ಬಣ್ಣದ ಮೆರುಗು ಅದರೊಳಗಿನ ಅತಿ ಸಣ್ಣ ಅಲ್ಯೂಮಿನಿಯಮ್ ಹರಳುಗಳಿಂದ ಬರುತ್ತದೆ. ಕಾರ್ಖಾನೆಯಲ್ಲಿ ಸ್ಪ್ರೇ ಗನ್ನಿನಿಂದ ತೆಳುವಾಗಿ ಸಿಂಪಡಿಸಿದಾಗ ಪದರ ಬೇಗ ಒಣಗುತ್ತ ಕುಗ್ಗಿ, ಹರಳುಗಳು ಮೇಲ್ಮೈಗೆ ಸಮಾಂತರವಾಗಿ ಮಲಗಿ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತವೆ. ಕುಂಚದ ದಪ್ಪ ಹನಿಯೊಳಗೆ ಅವು ಅಡ್ಡಾದಿಡ್ಡಿ ನಿಲ್ಲುತ್ತವೆ, ಬೆಳಕು ಚದುರುತ್ತದೆ, ನೇರವಾಗಿ ನೋಡಿದಾಗ ಜಾಗ ಕಪ್ಪಿಟ್ಟು ಕಾಣುತ್ತದೆ. ಅದೇ ಜಾಗವನ್ನು ಓರೆಯಿಂದ ನೋಡಿದರೆ ಸುತ್ತಲಿನದಕ್ಕಿಂತ ತಿಳಿಯಾಗಿಯೂ ಕಾಣಬಹುದು, ಒಮ್ಮೆ ಪರೀಕ್ಷಿಸಿ. ಟಚ್-ಅಪ್ಪಿಗೆ ಬೆಳ್ಳಿ ಬಣ್ಣದಷ್ಟು ಹಟಮಾರಿ ಇನ್ನೊಂದಿಲ್ಲ ಎಂಬುದು ಈ ಕೆಲಸ ಮಾಡಿದವರ ಸಾಮಾನ್ಯ ಅನುಭವ. ಸಾದಾ ಬಿಳಿಯ ಕಾರಿನವರು ಅದೃಷ್ಟವಂತರು.

ಇದಲ್ಲದೆ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬಣ್ಣ ತುಸು ಮಾಸಿರುತ್ತದೆ, ಬಾಟಲಿಯದು ಮಾಸಿರುವುದಿಲ್ಲ. ಒಂದೇ ಸಂಕೇತದ ಬಣ್ಣವೂ ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ಕಂತುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗುವುದುಂಟು. ಬಣ್ಣ ಬೆರೆಸುವವರ ಪಟ್ಟಿಯಲ್ಲಿ ಒಂದೇ ಸಂಕೇತಕ್ಕೆ ಹಲವು ಛಾಯೆಗಳಿರುವುದು ಇದಕ್ಕಾಗಿಯೇ.

ನೀವು ಮಾಡಬಹುದಾದದ್ದು ಇಷ್ಟು. ಹಚ್ಚಿದ್ದನ್ನು ತೆಗೆದು, ಇನ್ನೂ ತೆಳುವಾದ ಪದರಗಳಲ್ಲಿ, ಪ್ರತಿ ಪದರಕ್ಕೂ ಮುಂಚೆ ಬಾಟಲಿ ಕುಲುಕಿ ಮತ್ತೆ ಪ್ರಯತ್ನಿಸಿ. ಕಾರಿಗೆ ಹಚ್ಚುವ ಮುನ್ನ ದಪ್ಪ ಕಾಗದದ ಮೇಲೆ ಹಚ್ಚಿ, ಒಣಗಿದ ಮೇಲೆ ಅದಕ್ಕೆ ಕ್ಲಿಯರ್ ಕೋಟನ್ನೂ ಬಳಿದು, ಹಗಲು ಬೆಳಕಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಕ್ಲಿಯರ್ ಇಲ್ಲದ ಬೇಸ್ ಕೋಟ್ ಮಂಕಾಗಿ, ಬೇರೆಯೇ ಛಾಯೆಯಲ್ಲಿ ಕಾಣುವುದರಿಂದ ಅದನ್ನು ಮಾತ್ರ ಹೋಲಿಸಿ ತೀರ್ಮಾನಕ್ಕೆ ಬರಬಾರದು. ಇನ್ನು, ಮುತ್ತಿನ ಹೊಳಪಿನ ಕೆಲವು ಬಣ್ಣಗಳಿಗೆ ಬೇಸ್ ಕೋಟ್ ಮತ್ತು ಕ್ಲಿಯರ್ ನಡುವೆ ಮೂರನೆಯ ಪದರವೊಂದು ಇರುತ್ತದೆ. ಅಂಥ ಕಾರಿಗೆ ಎರಡೇ ಬಾಟಲಿ ತಂದರೆ ಯಾವ ಕೈಚಳಕವೂ ಬಣ್ಣವನ್ನು ಹೊಂದಿಸಲಾರದು.

ಸಂಕೇತ ಎಲ್ಲಿದೆ ಎಂದು ಬೇರೊಬ್ಬ ಓದುಗರು ಕೇಳಿದ್ದಾರೆ. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ, ಬಾನೆಟ್ಟಿನ ಅಡಿಯಲ್ಲಿ, ಇಲ್ಲವೇ ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಜಾಗದ ಸುತ್ತ ಇರುವ ಲೋಹದ ಫಲಕ ಅಥವಾ ಚೀಟಿಯನ್ನು ನೋಡಿ. ಬಣ್ಣದ ಹೆಸರನ್ನು ನಂಬಬೇಡಿ, ಅಕ್ಷರ ಮತ್ತು ಅಂಕಿಗಳ ಸಂಕೇತವನ್ನೇ ಕೊಡಿ.

ಪ್ರಶ್ನೆ: ಹಿಂಚಕ್ರದ ಕಮಾನಿನ ಅಂಚಿನಲ್ಲಿ ಎರಡು ವರ್ಷದ ಹಿಂದೆ ಬಣ್ಣ ಕಿತ್ತಿತ್ತು, ಗಮನ ಕೊಡಲಿಲ್ಲ. ಈಗ ಅಲ್ಲಿ ಕಂದು ಬಣ್ಣ ಬಂದು, ಸುತ್ತ ಸಣ್ಣ ಗುಳ್ಳೆಗಳು ಎದ್ದಿವೆ. ಇದರ ಮೇಲೆಯೇ ಪ್ರೈಮರ್ ಹಾಕಿ ಮುಚ್ಚಬಹುದೇ?

ಉತ್ತರ: ಮುಚ್ಚಬಾರದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಮೇಲೆ ಎಷ್ಟೇ ಬಣ್ಣ ಬಳಿದರೂ ಅದನ್ನು ಒಳಗಿನಿಂದ ಎತ್ತಿ ಒಡೆಯುತ್ತದೆ. ನೀವು ಕಂಡ ಗುಳ್ಳೆಗಳು ಈ ಎತ್ತುವಿಕೆಯ ಗುರುತೇ; ತುಕ್ಕು ಬಣ್ಣದಡಿಯಲ್ಲಿ ಸಾಗಿ ಹೋಗಿದೆ, ಕಣ್ಣಿಗೆ ಬೀಳುವುದಕ್ಕಿಂತ ಕಾಣದ ಪಾಲೇ ಹೆಚ್ಚು.

ಗುಳ್ಳೆಯ ಅಂಚನ್ನು ಚೂಪಾದ ಉಪಕರಣದಿಂದ ಎಬ್ಬಿಸುತ್ತ ಹೋಗಿ, ಬಣ್ಣ ತಗಡಿಗೆ ಬಿಗಿಯಾಗಿ ಅಂಟಿಕೊಂಡ ಜಾಗ ಬರುವವರೆಗೆ ನಿಲ್ಲಬೇಡಿ. ಕಾಳಿನಷ್ಟಿದ್ದ ಗುರುತು ಹೆಬ್ಬೆರಳಿನಷ್ಟಾಯಿತೆಂದು ಎದೆಗುಂದಬೇಡಿ, ಅದು ಮೊದಲೇ ಅಷ್ಟಿತ್ತು. ಬಳಿಕ ತುಕ್ಕನ್ನು ಹೊಳೆಯುವ ತಗಡು ಕಾಣುವ ತನಕ ಕೆರೆಯಬೇಕು. ಸಣ್ಣ ಜಾಗಕ್ಕೆ ಗಾಜಿನ ನಾರಿನ ಪೆನ್ನು ಬಹಳ ಅನುಕೂಲ. ಆದರೆ ಅದರ ನಾರಿನ ಚೂರುಗಳು ಚರ್ಮಕ್ಕೆ ಚುಚ್ಚಿಕೊಂಡರೆ ದಿನವಿಡೀ ಕಾಡುತ್ತವೆ, ಕೈಗವಸು ಮತ್ತು ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ. ಸೂಕ್ಷ್ಮ ಗುಳಿಗಳೊಳಗೆ ಕೆರೆದರೂ ಬಾರದ ತುಕ್ಕು ಉಳಿದರೆ ಅಲ್ಲಿಗೆ ಮಾತ್ರ ತುಕ್ಕು ಪರಿವರ್ತಕ ದ್ರವವನ್ನು ತೆಳುವಾಗಿ ಸವರಬೇಕು. ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲವಿರುವ ಈ ದ್ರವ ತುಕ್ಕನ್ನು ನೀರಿಗೆ ಸುಲಭವಾಗಿ ಬಗ್ಗದ ಕಪ್ಪು ಅಥವಾ ಬೂದು ಪದರವಾಗಿ ಬದಲಾಯಿಸುತ್ತದೆ. ಹಾಳೆ ಹಾಳೆಯಾಗಿ ಏಳುವ ದಪ್ಪ ತುಕ್ಕಿನ ಮೇಲೆ ಇದು ಕೆಲಸ ಮಾಡುವುದಿಲ್ಲ, ಕೆರೆಯುವ ಶ್ರಮವನ್ನು ಉಳಿಸುವ ಔಷಧ ಇದಲ್ಲ. ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಎಪಾಕ್ಸಿ ಪ್ರೈಮರ್ ಹಾಕಿ, ಮೇಲಿನ ಉತ್ತರದಲ್ಲಿ ಹೇಳಿದ ಕ್ರಮವನ್ನು ಮುಂದುವರಿಸಿ.

ಕಮಾನಿನ ಒಳಮಡಿಕೆಯನ್ನು ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಕೆಸರು ಕೂತು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬಂದಿದ್ದರೆ, ಸೂಜಿ ಒತ್ತಿದಾಗ ತಗಡು ಮೆತ್ತಗೆ ಒಳಸರಿದರೆ, ಅದು ಕುಂಚದ ಕೆಲಸವಲ್ಲ, ತಗಡು ಕತ್ತರಿಸಿ ಬೆಸೆಯುವವರ ಕೆಲಸ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕೆರೆಯುವ ಮುನ್ನವೇ ಆ ಪುಸ್ತಿಕೆಯನ್ನು ಓದಿ: ಒಳಗಿನಿಂದ ಬಂದ ತುಕ್ಕಿಗೂ ಹೊರಗಿನ ಪೆಟ್ಟಿನಿಂದ ಹುಟ್ಟಿದ ತುಕ್ಕಿಗೂ ಸಾಮಾನ್ಯವಾಗಿ ಅದರಲ್ಲಿ ಬೇರೆ ಬೇರೆ ನಿಯಮಗಳಿರುತ್ತವೆ.

ಪ್ರಶ್ನೆ: ಗುಳಿಗೆ ಅದೇ ಬಣ್ಣದ ನೇಲ್ ಪಾಲಿಶ್ ಹಚ್ಚಿದರೆ ಸಾಕು, ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಸಾಕು ಎನ್ನುತ್ತಾರೆ. ನಿಜವೇ?

ಉತ್ತರ: ಪ್ರಯಾಣದ ನಡುವೆ ಬಯಲಾದ ತಗಡನ್ನು ಒಂದೆರಡು ವಾರದ ಮಟ್ಟಿಗೆ ಮುಚ್ಚಲು ಬಣ್ಣವಿಲ್ಲದ ನೇಲ್ ಪಾಲಿಶ್ ಆದೀತು. ಅದು ಉಗುರಿಗೆಂದು ಮಾಡಿದ್ದು. ಬಿಸಿಲಿಗೆ ಹಳದಿಯಾಗುತ್ತದೆ, ಬಿರುಕು ಬಿಡುತ್ತದೆ, ಆಮೇಲೆ ಸರಿಯಾದ ಬಣ್ಣ ಹಚ್ಚುವ ಮುನ್ನ ಅದನ್ನು ಪೂರ್ತಿ ತೆಗೆಯುವ ಕೆಲಸ ಬೇರೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುವುದರಿಂದ ಅದು ಅತಿ ಮಂದವಾದ ಪಾಲಿಶಿನಂತೆ ವರ್ತಿಸುತ್ತದೆ, ಗುಳಿಯನ್ನು ತುಂಬುವುದಿಲ್ಲ. ಗುಳಿಯಲ್ಲಿ ಅದು ಬೆಳ್ಳಗೆ ಕೂತು ಒಣಗುವುದನ್ನು ನೋಡಿ ತುಂಬಿತೆಂದು ಸಂತೋಷಪಟ್ಟವರು, ಮೊದಲ ಮಳೆಯವರೆಗೆ ಮಾತ್ರ ಸಂತೋಷವಾಗಿರುತ್ತಾರೆ.

ಪ್ರಶ್ನೆ: ಮುಂದಿನ ಬಂಪರಿನಲ್ಲಿ ಬಣ್ಣ ಕಿತ್ತು ಕಪ್ಪಗೆ ಕಾಣುತ್ತಿದೆ. ಅದಕ್ಕೂ ಇದೇ ವಿಧಾನವೇ?

ಉತ್ತರ: ಕಪ್ಪಗೆ ಕಾಣುತ್ತಿರುವುದು ಪ್ಲಾಸ್ಟಿಕ್. ತುಕ್ಕಿನ ಭಯವಿಲ್ಲ, ಅವಸರವೂ ಇಲ್ಲ. ಆದರೆ ಬಂಪರುಗಳನ್ನು ಹೆಚ್ಚಾಗಿ ಮಾಡುವ ಪಾಲಿಪ್ರೊಪಿಲೀನ್ ಬಗೆಯ ಪ್ಲಾಸ್ಟಿಕ್ಕಿಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ತಗಡಿನ ಪ್ರೈಮರಿನ ಬದಲು ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟುವರ್ಧಕ ಪ್ರೈಮರ್ ಬಳಸಿ, ಉಳಿದದ್ದೆಲ್ಲ ಒಂದೇ. ಒಂದು ಎಚ್ಚರಿಕೆ ಮಾತ್ರ ಬೇಕು: ಮುಂದಿನ ವಾಹನದ ದೂರ ಅಳೆದು ತಾನೇ ವೇಗ ತಗ್ಗಿಸುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ, ಅದರ ರೇಡಾರ್ ಬಂಪರಿನ ಹಿಂದೆ ಅಥವಾ ಮುಂಭಾಗದ ಲಾಂಛನದ ಹಿಂದೆ ಅಡಗಿರಬಹುದು. ಆ ಜಾಗದಲ್ಲಿ ಪುಟ್ಟಿಯಾಗಲಿ ಹೆಚ್ಚುವರಿ ಬಣ್ಣವಾಗಲಿ, ಅದರಲ್ಲಿಯೂ ಲೋಹದ ಹರಳಿರುವ ಬಣ್ಣ, ದಪ್ಪವಾಗಿ ಕೂತರೆ ಅಲೆಗಳಿಗೆ ಅಡ್ಡಿಯಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಆ ಜಾಗ ಎಲ್ಲಿದೆಯೆಂದು ನೋಡಿಕೊಂಡು, ಅಲ್ಲಿಯ ಕೆಲಸವನ್ನು ತಯಾರಕರ ಕಾರ್ಯಾಗಾರಕ್ಕೆ ಬಿಡುವುದು ಒಳ್ಳೆಯದು.

ಪ್ರಶ್ನೆ: ಒಂದೇ ಸಲಕ್ಕೆ ಗುಳಿ ತುಂಬಲಿ ಎಂದು ಧಾರಾಳವಾಗಿ ಬಣ್ಣ ಹಾಕಿದೆ. ಈಗ ಅದು ನರಹುಲಿಯಂತೆ ಉಬ್ಬಿ ನಿಂತಿದೆ. ಹಾಕಿ ಎರಡು ದಿನವಾಯಿತು. ಕಾರಿನ ಮೂಲ ಬಣ್ಣಕ್ಕೆ ಏಟಾಗದಂತೆ ತೆಗೆಯುವುದು ಹೇಗೆ?

ಉತ್ತರ: ನೀವು ಬೇಗ ಬರೆದದ್ದು ಒಳ್ಳೆಯದಾಯಿತು. ಕಾರ್ಖಾನೆಯ ಬಣ್ಣ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಬೆಂದು ಗಟ್ಟಿಯಾದದ್ದು. ನಿಮ್ಮ ಬಣ್ಣ ಬರೀ ಗಾಳಿಗೆ ಒಣಗಿದ್ದು, ಒಳಗೆ ಇನ್ನೂ ಮೆತ್ತಗಿದೆ. ಈ ವ್ಯತ್ಯಾಸವೇ ನಿಮ್ಮ ನೆರವಿಗೆ ಬರುತ್ತದೆ. ಹಳೆಯ ಗುರುತಿನ ಚೀಟಿಯಂಥ ಗಟ್ಟಿ ಪ್ಲಾಸ್ಟಿಕ್ ಹಾಳೆಗೆ ತೆಳು ಹತ್ತಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಸುತ್ತಿ, ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ತೇವವಾಗುವಷ್ಟು ಮಾತ್ರ ಹನಿಸಿ, ಉಬ್ಬಿನ ಮೇಲೆ ಒತ್ತಡವಿಲ್ಲದೆ ಒಂದೇ ದಿಕ್ಕಿಗೆ ಸವರಿ. ಸಪಾಟಾದ ಹಾಳೆ ಉಬ್ಬಿದ್ದನ್ನು ಮಾತ್ರ ಮುಟ್ಟುತ್ತದೆ, ಗುಳಿಯೊಳಗಿನ ಬಣ್ಣ ಉಳಿಯುತ್ತದೆ. ಬಟ್ಟೆಗೆ ಬಣ್ಣ ಹತ್ತಿದ ಕೂಡಲೇ ಮಗ್ಗುಲು ಬದಲಿಸಿ. ಇದಕ್ಕೆ ಬಗ್ಗದಿದ್ದರೆ ಥಿನ್ನರನ್ನು ಬಳಸಬಹುದು, ಆದರೆ ಕೆಲವೇ ಹನಿ, ಕೆಲವೇ ಕ್ಷಣ. ಮತ್ತು ಮೊದಲು ಬಾಗಿಲಿನ ಒಳಂಚಿನಂಥ ಕಡೆ ಪರೀಕ್ಷಿಸಿದ ಮೇಲೆ. ಕಾರಿಗೆ ಹಿಂದೆಂದಾದರೂ ಹೊರಗೆ ಬಣ್ಣ ಹೊಡೆಸಿದ್ದರೆ ಥಿನ್ನರ್ ಬೇಡವೇ ಬೇಡ, ಆ ಬಣ್ಣ ಕರಗಿ ಬರುವ ಸಾಧ್ಯತೆ ಇದೆ. ಪ್ಲಾಸ್ಟಿಕ್ ಬಂಪರಿನ ಮೇಲೂ ಅದನ್ನು ದೂರವಿಡಿ. ಬ್ಲೇಡಿನಿಂದ ಕೆತ್ತಿ ತೆಗೆಯುವವರಿದ್ದಾರೆ. ಅವರ ಕೈ ನಡುಗುವುದಿಲ್ಲ, ನನ್ನದು ನಡುಗುತ್ತದೆ, ಆದ್ದರಿಂದ ಆ ದಾರಿಯನ್ನು ಹೇಳಲಾರೆ.

ಪ್ರಶ್ನೆ: ಹತ್ತು ವರ್ಷದ ಕಾರು. ಬಾನೆಟ್ಟಿನ ಮುಂಭಾಗದಲ್ಲಿ ಎಣಿಸಿದರೆ ನಲವತ್ತಕ್ಕೂ ಹೆಚ್ಚು ಗುಳಿಗಳಿವೆ. ಒಂದೊಂದಕ್ಕೇ ಚುಕ್ಕಿ ಇಡುವ ಬದಲು ಸ್ಪ್ರೇ ಡಬ್ಬಿ ತಂದು ಒಂದೇ ಸಲ ಹೊಡೆದುಬಿಡಲೇ?

ಉತ್ತರ: ನಲವತ್ತು ಗುಳಿಗಳಿಗೆ ಕುಂಚ ಹಿಡಿದು ಕೂರಲು ಒಂದು ಭಾನುವಾರ ಬೇಕು, ಸ್ಪ್ರೇ ಹೊಡೆದು ಕೆಡಿಸಿಕೊಂಡದ್ದನ್ನು ಸರಿಮಾಡಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಸ್ಪ್ರೇ ಹೊಡೆಯಬೇಕಾದರೆ ಗುಳಿಗಳನ್ನು ತುಂಬಿ ಮಟ್ಟ ಮಾಡಿ, ಇಡೀ ಬಾನೆಟ್ಟನ್ನು ಉಜ್ಜಿ, ಹೊಸ ಬಣ್ಣ ಹಳೆಯದರಲ್ಲಿ ಕರಗಿದಂತೆ ಅಂಚು ಕೂಡಿಸಿ, ಕ್ಲಿಯರನ್ನು ಬಾನೆಟ್ಟಿನ ತುದಿಯಿಂದ ತುದಿಗೆ ಎಳೆಯಬೇಕು. ಮುಂಭಾಗಕ್ಕೆ ಮಾತ್ರ ಹೊಡೆದರೆ ಎಲ್ಲಿಗೆ ನಿಂತಿತೋ ಅಲ್ಲೊಂದು ಗೆರೆ ಉಳಿಯುತ್ತದೆ. ಗಟ್ಟಿಕಾರಕ ಸೇರಿದ ಎರಡು ಭಾಗಗಳ ಕ್ಲಿಯರ್ ಡಬ್ಬಿಗಳು ಪೆಟ್ರೋಲಿಗೂ ಬಿಸಿಲಿಗೂ ಚೆನ್ನಾಗಿ ಬಾಳುತ್ತವೆ ನಿಜ, ಆದರೆ ಅವುಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು, ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಅಥವಾ ಸಾದಾ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಕಡೆ ಅದನ್ನು ಬಳಸಬೇಡಿ.

ಬಾನೆಟ್ಟು ಹೊಸದರಂತೆ ಕಾಣಬೇಕೆಂದರೆ ಪೇಂಟಿಂಗ್ ಬೂತ್ ಇರುವ ಕಾರ್ಯಾಗಾರಕ್ಕೆ ಕೊಡಿ. ಒಂದೇ ಗುಳಿಯಾದರೂ ಪೆನ್ಸಿಲಿನ ಹಿಂತುದಿಗಿಂತ ದೊಡ್ಡದಾಗಿದ್ದರೆ, ಅಥವಾ ಕ್ಲಿಯರ್ ಕೋಟ್ ಹಾವಿನ ಪೊರೆಯಂತೆ ಸುಲಿದು ಬರುತ್ತಿದ್ದರೆ ಕೂಡ ಅಲ್ಲಿಗೇ ಹೋಗಬೇಕು. ತುಕ್ಕು ತಡೆದರೆ ಸಾಕೆಂದಿದ್ದರೆ ನಲವತ್ತನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಮೊದಲು ತಗಡು ಕಾಣುವ ಗುಳಿಗಳನ್ನು ಹುಡುಕಿ, ಪ್ರತಿಯೊಂದರ ಪಕ್ಕ ಸಣ್ಣ ಟೇಪಿನ ತುಂಡು ಅಂಟಿಸಿ ಗುರುತಿಟ್ಟುಕೊಂಡು, ಸಾಲಾಗಿ ಹತ್ತಕ್ಕೆ ಪ್ರೈಮರ್ ಮುಟ್ಟಿಸುತ್ತ ಹೋಗಿ. ಹತ್ತನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಅರ್ಧ ಒಣಗಿರುತ್ತದೆ, ಕಾಯುವ ಬೇಸರವೂ ತಪ್ಪುತ್ತದೆ. ಮುಂದೆ ಹೊಸ ಗುಳಿ ಬೀಳದಿರಲೆಂದು ಪಾರದರ್ಶಕ ರಕ್ಷಣಾ ಫಿಲ್ಮ್ ಹಾಕಿಸುವ ಯೋಚನೆಯಿದ್ದರೆ, 150ರಿಂದ 200 ಮೈಕ್ರಾನ್ ದಪ್ಪದ ಆ ಪಾಲಿಯುರೆಥೇನ್ ಹಾಳೆ ಸಣ್ಣ ಕಲ್ಲುಗಳ ಪೆಟ್ಟನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ತಿದ್ದಿದ ಜಾಗಗಳಿಗೆ ಒಂದು ತಿಂಗಳಾದರೂ ಕೊಟ್ಟು ಆಮೇಲೆ ಹಾಕಿಸಿ. ಅದಕ್ಕೆ ಮೊದಲೇ ಹಾಕಿಸಿದರೆ ಒಳಗೆ ಸಿಕ್ಕಿಕೊಂಡ ದ್ರಾವಕ ಗುಳ್ಳೆ ಎಬ್ಬಿಸುತ್ತದೆ, ಮುಂದೆ ಫಿಲ್ಮ್ ಬಿಡಿಸುವ ದಿನ ನೀವಿಟ್ಟ ಚುಕ್ಕಿಗಳೆಲ್ಲ ಅದಕ್ಕೇ ಅಂಟಿಕೊಂಡು ಎದ್ದುಬರುತ್ತವೆ.